ನಮ್ಮ ಓಣಿಯ ನಲವತ್ತು ಸೊನ್ನೆಗಳು

ಮೂವತ್ತೊಂದನೆಯ ಪ್ರಶ್ನೆಯ ಮುಂದೆ ನಲವತ್ತು ಸೊನ್ನೆಗಳನ್ನು ಬರೆದವಳು ನಾನೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ. ವಾಡಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕೈ ಹಿಡಿದು ತಿದ್ದಿಸಿದ ಅಕ್ಷರ ನನ್ನದು. ಸೊನ್ನೆ ಬರೆದರೆ ಅದು ಶುರುವಾದ ಕಡೆಗೇ ಬಂದು ಮುಚ್ಚಿಕೊಳ್ಳಬೇಕು, ಸಣ್ಣ ಸಂದೂ ಉಳಿಯಬಾರದು ಎಂದು ಅವರು ಹೇಳುತ್ತಿದ್ದರು. ಆ ನಲವತ್ತೂ ಹಾಗೆಯೇ ದುಂಡಗೆ, ಚೊಕ್ಕವಾಗಿ ಇದ್ದವು. ಶಹಾಬಾದದ ನಮ್ಮ ಓಣಿಯ ನಲವತ್ತು ಮನೆಗಳಿಗೆ ಒಂದೊಂದು. ನನ್ನ ಮನೆಯದೂ ಅದರಲ್ಲಿ ಸೇರಿತ್ತು.

ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದ ಒಂದು ಮಧ್ಯಾಹ್ನ ಆ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ದಕ್ಷಿಣದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳಲ್ಲಿ ಒಂದೊಂದು ಓಣಿಯನ್ನು ಆರಿಸಿಕೊಂಡು ಅಲ್ಲಿಯ ಹೆಂಗಸರ ಮಾನವ ಬಂಡವಾಳ ಮತ್ತು ಸಾಮಾಜಿಕ ಬಂಡವಾಳವನ್ನು ಅಳೆಯುವುದು ಅವಳ ವಿಷಯ. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಜೊತೆಗಿದ್ದ ಕನ್ನಡ ಅನುವಾದವನ್ನು ಓದಿದರೆ ನಮ್ಮ ಓಣಿಯವರು ಕೋರ್ಟಿನ ಸಮನ್ಸು ಬಂದಿದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಂಗ್ಲಿಷನ್ನೂ ಈ ಕಡೆಯ ಮಾತನ್ನೂ ಬಲ್ಲ ಹೆಂಗಸೊಬ್ಬಳು ಬೇಕು ಎಂದು ಕೇಳಿದಾಗ ಬಾಲವಾಡಿ ಟೀಚರು ನಮ್ಮ ಮನೆ ತೋರಿಸಿದ್ದರಂತೆ.

"ಮಾನವ ಬಂಡವಾಳ ಅಂದ್ರೆ ಒಬ್ಬರ ಒಳಗೆ ಇರೋದು ಆಂಟಿ. ಓದು, ಕೌಶಲ, ಆರೋಗ್ಯ. ಸಾಮಾಜಿಕ ಬಂಡವಾಳ ಅಂದ್ರೆ ಇಬ್ಬರ ನಡುವೆ ಇರೋದು. ನಂಬಿಕೆ, ಹೋಗಿಬರೋದು, ಕಷ್ಟಕ್ಕೆ ಆಗೋದು," ಎಂದಳು.

ಇಬ್ಬರ ನಡುವೆ ಇರುವುದು ಎಂಬ ಮಾತು ನನಗೆ ಇಷ್ಟವಾಯಿತು. ಅದನ್ನು ಅಳೆಯಲು ಒಬ್ಬರು ರೈಲು ಹತ್ತಿ ಇಷ್ಟು ದೂರ ಬರುತ್ತಾರಲ್ಲ ಎಂಬುದೂ ಇಷ್ಟವಾಯಿತು. ಒಪ್ಪಿಕೊಂಡೆ.

ಮೊದಲನೆಯ ಫಾರ್ಮು ನನ್ನದೇ. ಹದಿನೈದು ವರ್ಷ ಓದಿದ್ದೇನೆ ಎಂದು ಬರೆದೆ. ಕೆಲಸ ಎಂಬ ಕಾಲಮಿನಲ್ಲಿ ಇಪ್ಪತ್ತೊಂದು ಬಗೆಯ ಕೆಲಸಗಳಿಗೆ ಸಂಖ್ಯೆ ಕೊಟ್ಟಿದ್ದರು. ನಾನು ಮಾಡುವುದು ಅದರಲ್ಲಿ ಇರಲಿಲ್ಲ. ಕೊನೆಯದು 'ಕೆಲಸವಿಲ್ಲ'. ಅದನ್ನೇ ಬರೆದೆ. ಆಗ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ನನಗೆ ತಡವಾಗಿ ಬರುತ್ತದೆ. ಬಂದ ಮೇಲೆ ಮಾತ್ರ ಬೇಗ ಎದ್ದು ಹೋಗುವುದಿಲ್ಲ.

ಪ್ರತಿ ಫಾರ್ಮಿನ ಮೊದಲ ಪುಟದಲ್ಲಿ ಒಪ್ಪಿಗೆಯ ಒಂದು ಉದ್ದನೆಯ ಒಕ್ಕಣೆ ಇತ್ತು. ಎಲ್ಲರಿಗೂ ಅದನ್ನು ಪೂರ್ತಿ ಓದಿ ಹೇಳಬೇಕು ಎಂದು ಹುಡುಗಿ ತಿಳಿಸಿದ್ದಳು. ಎರಡು ಮನೆಗಳಲ್ಲಿ ಓದಿದೆ. ಹೆಂಗಸರು ಒಲೆಯ ಕಡೆ ನೋಡುತ್ತ ಕುಳಿತರು. ಮೂರನೆಯ ಮನೆಯಿಂದ "ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ, ಇಲ್ಲೊಂದು ಸಹಿ ಮಾಡ್ರಿ" ಎಂದು ಮೊಟಕು ಮಾಡಿದೆ. ಅದು ನನ್ನ ಮೊದಲ ತಪ್ಪು.

ಪಕ್ಕದ ಮನೆಯಾಕೆ ಬಟ್ಟೆ ಹೊಲಿಯುತ್ತಾಳೆ. ಮಷೀನು ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದಳು.

"ಎದರ ಬಗ್ಗಿ ಕೇಳಾಕತ್ತೀರಿ ವೈನಿ? ಸೀದಾ ಹೇಳ್ರಿ."

"ಬಂಡವಾಳದ ಬಗ್ಗಿ."

"ನನ್ನ ಬಂಡವಾಳ ಬಯಲು ಮಾಡಾಕ ಈ ಪೋರಿ ಅಷ್ಟು ದೂರದಿಂದ ಬಂದಾಳೇನು? ನಮ್ಮ ಅತ್ತಿ ಇಲ್ಲೇ ಕುಂತು ಫುಕಟ್ ಮಾಡ್ತಿದ್ಲು."

ಹುಡುಗಿ ನಕ್ಕಳು. ನಾನು ಮೂವತ್ತೊಂದನೆಯ ಪ್ರಶ್ನೆಗೆ ಬಂದೆ. ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಸಂಬಂಧಿಕರಲ್ಲದ ಎಷ್ಟು ಮನೆಗಳಿಗೆ ಅಡುಗೆಯಿಂದಾಗಲಿ ದುಡಿಮೆಯಿಂದಾಗಲಿ ನೆರವಾಗಿದ್ದೀರಿ? ಮಷೀನು ಆಗ ನಿಂತಿತು.

"ಯಾರಿಗೂ ಇಲ್ಲ. ಮುಂದಿಂದು ಕೇಳ್ರಿ."

ನನ್ನ ಫಾರ್ಮು ತುಂಬುವಾಗ ನಮ್ಮ ಅತ್ತೆಯವರು ಹೇಳಿದ್ದೂ ಅಷ್ಟೇ. ಅವರು ಚಿಂಚೋಳಿ ಕಡೆಯ ಚಿಮ್ಮನಚೋಡದವರು, ಮಾತಿಗೆ ಮೊದಲು ಕಣ್ಣಿನಲ್ಲಿ ಗದರುವವರು. ಚಪ್ಪಲಿ ಹಾಕಿಕೊಂಡು ದೇವರ ಜಗಲಿಗೆ ಬಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿ, "ಏನೂ ಇಲ್ಲಂತ ಬರಿ," ಎಂದರು. ಬರೆದೆ. ಮನೆಯಿಂದ ಮನೆಗೆ ಹೋದೆ. ಇಲ್ಲ, ಇಲ್ಲ, ಇಲ್ಲ. ನನ್ನ ಪೆನ್ನು ಒಮ್ಮೆಯೂ ತಡವರಿಸಲಿಲ್ಲ, ಏಕೆಂದರೆ ನಾನೂ ನನ್ನ ಫಾರ್ಮಿನಲ್ಲಿ ಯೋಚಿಸದೆ ಅದನ್ನೇ ಬರೆದಿದ್ದೆ.

ದೀಪಾವಳಿ ಕಳೆದ ಮೇಲೆ ಹುಡುಗಿ ಮತ್ತೆ ಬಂದಳು, ವರದಿಯ ಕರಡು ಹಿಡಿದುಕೊಂಡು. ಅವಳು ಬಂದ ದಿನ ಬೆಳಗಿನ ಜಾವ ಓಣಿಯ ತುದಿಯ ಮನೆಯಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ಮೊದಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು.

ನಮ್ಮ ಕಡೆ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ. ಮಣ್ಣಿಗೆ ಬಂದವರಿಗೆ, ಮನೆಯವರಿಗೆ, ದೂರದಿಂದ ಬಂದು ಉಳಿದವರಿಗೆ ಎಲ್ಲರಿಗೂ ಓಣಿಯಿಂದಲೇ ರೊಟ್ಟಿ ಹೋಗಬೇಕು. ಹೇಳಿಕಳಿಸುವವರಿಲ್ಲ, ಕೇಳುವವರಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಎಲ್ಲರ ಮನೆಯಲ್ಲಿ ರೊಟ್ಟಿಯ ಹಂಚು ಒಲೆಯ ಮೇಲೆ ಬರುತ್ತದೆ. ರೊಟ್ಟಿಯನ್ನು ಡಬ್ಬಿಯಲ್ಲಿ ಒಯ್ಯುವುದಿಲ್ಲ, ಡಬ್ಬಿಯ ಗುರುತು ಹತ್ತುತ್ತದೆ. ಹಳೆಯ ಧೋತರದ ಬಿಳಿ ಅರಿವೆಯಲ್ಲಿ ಸುತ್ತಿ ಹಿತ್ತಲ ಬಾಗಿಲಿಗೆ ಹೋಗಬೇಕು. ಅಲ್ಲೊಂದು ದೊಡ್ಡ ಬುಟ್ಟಿ. ಬುಟ್ಟಿಯ ಹತ್ತಿರ ಕುಳಿತವಳು ಗೋಡೆಯ ಕಡೆ ಮುಖ ಮಾಡಿರುತ್ತಾಳೆ. ನಾವು ಗಂಟು ಬಿಚ್ಚಿ ರೊಟ್ಟಿ ಸುರಿದು, ಹೋಗಿ ಬರ್ತೀನಿ ಅನ್ನದೆ ತಿರುಗಿಬಿಡುತ್ತೇವೆ. ಆಮೇಲೆ ಆ ಮಾತು ಎಂದೂ ಎತ್ತುವಂತಿಲ್ಲ. ನೀರಿನ ನಳದ ಹತ್ತಿರ ಜಗಳ ಬಿದ್ದರೆ ನಮ್ಮ ಓಣಿಯವರು ಒಬ್ಬರದೊಬ್ಬರು ಏಳು ತಲೆಮಾರು ಜಾಲಾಡುತ್ತಾರೆ. ರೊಟ್ಟಿಯ ಸುದ್ದಿಯನ್ನು ಮಾತ್ರ ಜಗಳದಲ್ಲಿಯೂ ಎತ್ತಿದವರನ್ನು ನಾನು ಕಂಡಿಲ್ಲ. ಬಾಯಿಗೆ ಬಂದದ್ದು ಮನೆಗೆ ಬರುತ್ತದೆ ಎಂಬ ಭಯವೂ ಇದೆ. ಎಷ್ಟು ಸಾವಿಗೆ ಕೊಟ್ಟೆ ಎಂದು ಎಣಿಸಿದವಳ ಮನೆಯ ಕಡೆ ಸಾವು ಒಮ್ಮೆ ತಿರುಗಿ ನೋಡುತ್ತದಂತೆ.

ಇದನ್ನೆಲ್ಲ ಈಗ ಬರೆಯುತ್ತಿದ್ದೀಯಲ್ಲ ಎಂದು ನೀವು ಕೇಳಬಹುದು. ಅತ್ತೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ರೀತಿ ಹೇಳು, ಮನಿ ಹೇಳಬ್ಯಾಡ," ಎಂದಿದ್ದಾರೆ.

ಹುಡುಗಿ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದಳು. "ಆಂಟಿ, ಹನ್ನೊಂದು ಗಂಟೆಗೆ ಎಲ್ಲರ ಮನೇಲೂ ರೊಟ್ಟಿ ಬಡೀತಾ ಇದ್ದಾರೆ. ಏನಾದ್ರೂ ಹಬ್ಬಾನಾ?"

"ಹಬ್ಬ ಅಲ್ಲವ್ವ. ನೀ ಕುಂದ್ರು, ಚಾ ಕುಡಿ," ಎಂದರು ಅತ್ತೆ.

ಹುಡುಗಿ ಒಲೆಯ ಪಕ್ಕ ಮಣೆಯ ಮೇಲೆ ಕುಳಿತು ಕರಡನ್ನು ತೆರೆದಳು. ಐದು ಊರುಗಳಿಗೆ ಐದು ಕಂಬಗಳ ಚಿತ್ರ. ವಾಡಿಯದು ಎಲ್ಲಕ್ಕಿಂತ ಎತ್ತರ. ಅಲ್ಲಿ ಅವಳು ಆರಿಸಿದ್ದು ಕಾರ್ಖಾನೆಯ ಕಾಲನಿ, ಬೇರೆ ಬೇರೆ ಕಡೆಯಿಂದ ಬಂದವರು ಕಮಿಟಿ, ಸಂಘ ಎಂದು ಮಾಡಿಕೊಂಡಿದ್ದಾರೆ. ಶಹಾಬಾದದ ಕಂಬ ನೆಲದಿಂದ ಎದ್ದೇ ಇರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಎರಡು ಸಲ ಓದಿದೆ. ಈ ಓಣಿಯ ಹೆಂಗಸರಲ್ಲಿ ಪರಸ್ಪರ ನಂಬಿಕೆ ಬಹಳ ಕಡಿಮೆ. ಇಲ್ಲಿ ಯಾವುದೇ ಯೋಜನೆ ತರುವ ಮೊದಲು ಒಬ್ಬರಿಗೊಬ್ಬರು ನೆರವಾಗುವ ಅಭ್ಯಾಸವನ್ನು ಇವರಿಗೆ ತರಬೇತಿಯ ಮೂಲಕ ಕಲಿಸಬೇಕು.

ಹಂಚಿನ ಮೇಲೆ ರೊಟ್ಟಿ ಉಬ್ಬಿ ಸುಟ್ಟ ವಾಸನೆ ಬಂತು. ನನ್ನ ಹೆಬ್ಬೆರಳಿನ ಹಿಟ್ಟು ಆ ಸಾಲಿನ ಪಕ್ಕದಲ್ಲೇ ಅಂಟಿಕೊಂಡಿತ್ತು. ಆಚೆ ಈಚೆ ಎರಡೂ ಗೋಡೆಗಳಿಂದ ಬಡಿಯುವ ಸಪ್ಪಳ ಕೇಳುತ್ತಿತ್ತು. ಹುಡುಗಿ ನನ್ನ ಮುಖ ನೋಡಿದಳು, ಮಗ್ಗುಲಲ್ಲಿದ್ದ ಬಿಳಿ ಅರಿವೆ ನೋಡಿದಳು, ಹೊರಗೆ ಹೋಗಿ ಹಿತ್ತಲಿನಿಂದ ತುದಿಯ ಮನೆಯ ಕಡೆ ಒಬ್ಬೊಬ್ಬರೇ ನಡೆಯುತ್ತಿದ್ದವರನ್ನು ನೋಡಿ ಬಂದಳು. ಜಾಣೆ. ಯಾರೂ ಹೇಳಿಕೊಡಬೇಕಾಗಲಿಲ್ಲ.

"ಇದು ಮೂವತ್ತೊಂದನೇ ಪ್ರಶ್ನೆ ಅಲ್ವಾ ಆಂಟಿ?"

ನಾನು ಮುಂದಿನ ರೊಟ್ಟಿಯ ಹಿಟ್ಟು ನಾದತೊಡಗಿದೆ.

"ಇದೇ ನನ್ನ ಥೀಸಿಸ್. ಇಷ್ಟು ದಿನ ನಾನು ಹುಡುಕ್ತಾ ಇದ್ದಿದ್ದೇ ಇದು." ಅಲ್ಲಿಯೇ ತನ್ನ ಮಾರ್ಗದರ್ಶಕರಿಗೆ ಫೋನು ಹಚ್ಚಿ, ಎಲ್ಲ ಹೇಳಿ, ನಾನೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

ಪ್ರೊಫೆಸರರು ಸಭ್ಯರು. ಒಂದು ಒರಟು ಮಾತೂ ಆಡಲಿಲ್ಲ. "ಅಮ್ಮಾ, ಒಮ್ಮೆ ಸಂಗ್ರಹಿಸಿದ ಉತ್ತರಗಳನ್ನು ನಾವು ತಿದ್ದೋ ಹಾಗಿಲ್ಲ. ಆದರೆ ಪೂರಕ ಪ್ರಶ್ನೆ ಸೇರಿಸಬಹುದು. ಎಷ್ಟು ಸಾವು, ಯಾವ ಮನೆಯಿಂದ ಎಷ್ಟು ರೊಟ್ಟಿ, ಯಾರಿಂದ ಯಾರಿಗೆ. ನೀವೇ ಕೂತು ಬರೆದುಕೊಟ್ಟರೆ ಸಾಕು. ನಿಮ್ಮ ಓಣಿಯ ಕಂಬ ಎಲ್ಲಕ್ಕಿಂತ ಮೇಲೆ ಹೋಗುತ್ತೆ."

ಮೇಲೆ ಹೋಗುವ ಆಸೆ ಒಂದು ಗಳಿಗೆ ನನಗೂ ಆಯಿತು. ಸುಳ್ಳು ಹೇಳಬಾರದು. ಆದರೆ ನನ್ನ ಕಣ್ಣು ಅರಿವೆಯ ಮೇಲೆ ಹೋಯಿತು. ನಾನು ಸೊಸೆಯಾಗಿ ಬಂದ ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆ, ನಮ್ಮ ಜೋಳದ ಡಬ್ಬಿಯ ತಳ ಕಾಣುತ್ತಿತ್ತು. ಆ ವಾರ ಓಣಿಯಲ್ಲಿ ಸಾವಾಯಿತು. ಎರಡೇ ರೊಟ್ಟಿ ಮಾಡಿ, ಅರಿವೆಯನ್ನು ದಪ್ಪಗೆ ಮಡಚಿ ಮಡಚಿ ಗಂಟು ದೊಡ್ಡದಾಗಿ ಕಾಣುವಂತೆ ಕಟ್ಟಿ ಒಯ್ದೆ. ಬುಟ್ಟಿಯ ಹತ್ತಿರ ಕುಳಿತವಳು ಗೋಡೆಯನ್ನೇ ನೋಡುತ್ತಿದ್ದಳು. ನನ್ನ ಎರಡು ರೊಟ್ಟಿ ಉಳಿದವರ ಇಪ್ಪತ್ತು, ಮೂವತ್ತರಲ್ಲಿ ಬಿದ್ದು ಕಾಣದಂತಾದವು. ತಲೆ ಎತ್ತಿಕೊಂಡು ಮನೆಗೆ ಬಂದೆ. ಆ ಮುಖ ಗೋಡೆಯ ಕಡೆ ಏಕೆ ತಿರುಗಿರುತ್ತದೆ ಎಂದು ನನಗೆ ಅರ್ಥವಾದದ್ದು ಅಂದು. ಇವತ್ತಿಗೂ ಓಣಿಯಲ್ಲಿ ಎರಡೇ ತರುವವಳು ಒಬ್ಬಳಲ್ಲ ಒಬ್ಬಳು ಇರುತ್ತಾಳೆ. ಈ ಪ್ರೊಫೆಸರರ ಕಾಗದ ಅವಳ ಕಡೆ ಮುಖ ತಿರುಗಿಸಿ ಕುಳಿತುಕೊಳ್ಳುತ್ತದೆ.

"ನಾ ಬರದು ಕೊಡಂಗಿಲ್ರಿ ಸರ್," ಎಂದೆ.

"ಹಾಗಾದರೆ ಸೊನ್ನೆ ಉಳಿಯುತ್ತಮ್ಮಾ."

"ಸೊನ್ನಿನೂ ಉಳಿಯಂಗಿಲ್ರಿ."

"ಎರಡರಲ್ಲಿ ಒಂದು ಇರಲೇಬೇಕಲ್ಲ?" ಎಂದು ಅವರು ನಗುತ್ತಲೇ ಕೇಳಿದರು. ಮುಂದಿನ ವಾರ ಸೇಡಂನ ಕಾಲೇಜೊಂದರಲ್ಲಿ ಈ ವರದಿಯನ್ನು ಅಧಿಕಾರಿಗಳ ಮುಂದೆ ಓದುವುದಿದೆ, ಅಷ್ಟರೊಳಗೆ ಯೋಚಿಸಿ ಎಂದರು.

ಫೋನು ಇಟ್ಟು ಹುಡುಗಿ ಕರಡನ್ನು ಮಡಚಿಟ್ಟಳು. ನಾನು ಸುಟ್ಟ ರೊಟ್ಟಿಯನ್ನು ತೆಗೆದಿಟ್ಟು ಉಳಿದವನ್ನು ಒಯ್ದು ಕೊಟ್ಟುಬಂದು, ಕೈ ತೊಳೆದು, ನನ್ನ ಪಾಲಿನ ಖಾಲಿ ಫಾರ್ಮೊಂದನ್ನು ಹುಡುಕಿ ತೆಗೆದೆ. ಮೊಟಕು ಮಾಡಿ ಹೇಳಿದ್ದ ಆ ಒಕ್ಕಣೆಯನ್ನು ಮೊದಲ ಬಾರಿಗೆ ಸಾವಕಾಶವಾಗಿ ಓದಿದೆ. ಕೊನೆಯಿಂದ ಮೂರನೆಯ ಸಾಲು, ಉಳಿದದ್ದಕ್ಕಿಂತ ಸಣ್ಣ ಅಕ್ಷರ. ಉತ್ತರ ಕೊಟ್ಟವರು ಯಾವ ಹಂತದಲ್ಲಾದರೂ, ಕಾರಣ ಹೇಳದೆ, ತಮ್ಮ ಉತ್ತರಗಳನ್ನು ಹಿಂದಕ್ಕೆ ಪಡೆಯಬಹುದು.

ಇದನ್ನು ನಾನು ಮೂವತ್ತೇಳು ಮನೆಗಳಿಂದ ಮುಚ್ಚಿಟ್ಟಿದ್ದೆ.

ನಾಲ್ಕನೆಯ ದಿನ, ತುದಿಯ ಮನೆಯಲ್ಲಿ ಒಲೆ ಹೊತ್ತಿದ ಮೇಲೆ, ಮಧ್ಯಾಹ್ನ ನಮ್ಮ ಅಂಗಳದ ಫರಸಿ ಹಾಸಿನ ಮೇಲೆ ಎಲ್ಲರನ್ನೂ ಕರೆದೆ. ಹುಡುಗಿಯೂ ಬಂದು ಕಂಬಕ್ಕೆ ಒರಗಿ ಕುಳಿತಳು. ರೊಟ್ಟಿಯ ಮಾತು ಆಡದೆಯೇ ವಿಷಯ ಹೇಳಬೇಕಾಗಿತ್ತು. ನಮ್ಮ ಓಣಿಯವರು ಒಬ್ಬರಿಗೊಬ್ಬರು ಆಗುವುದಿಲ್ಲ ಎಂದು ಪುಸ್ತಕದಲ್ಲಿ ಬರುತ್ತದೆ, ನಿಮಗೆ ನೆರವಾಗುವುದನ್ನು ಕಲಿಸಲು ಯಾರೋ ಬರುತ್ತಾರೆ ಎಂದಷ್ಟೇ ಹೇಳಿದೆ.

ಹೊಲಿಗೆಯಾಕೆ ಬಾಯಿಯಲ್ಲಿದ್ದ ಸೂಜಿ ತೆಗೆದಳು. "ಕಲಿಸಾಕ ಬರೋರಿಗಿ ಊಟಕ್ಕ ಯಾರು ಹಾಕ್ತಾರಂತ? ನಾವೇ ಏನು?"

ಎಲ್ಲರೂ ನಕ್ಕರು. ಅತ್ತೆಯವರು ನಗಲಿಲ್ಲ. "ಹೇಳಿದ್ರ ಪಾಪ, ಹೇಳದಿದ್ರ ಸೊನ್ನಿ. ನೀ ಏನ್ ಮಾಡಂತಿ?"

ಆಗ ಆ ಸಾಲನ್ನು ಓದಿದೆ, ನಮ್ಮ ಮಾತಿನಲ್ಲಿ. "ನೀವು ಹೇಳಿದ್ದ ಮಾತು ನಿಮ್ಮದ. ಯಾವಾಗ ಬೇಕಾದ್ರ ವಾಪಸ್ ತಗೋಬಹುದು. ಯಾಕಂತ ಅವರು ಕೇಳಂಗಿಲ್ಲ, ನೀವು ಹೇಳಬೇಕಾಗಿಲ್ಲ."

"ಇದು ಮೊದಲ ಯಾಕ ಹೇಳಲಿಲ್ರಿ ವೈನಿ?"

"ನನ್ನ ತಪ್ಪು. ಓದಲಿಲ್ಲ."

"ಕಾನ್ವೆಂಟ್ ಕಲ್ತಾಕಿ," ಎಂದಳು ಹೊಲಿಗೆಯಾಕೆ, ಯಾರಿಗೂ ಅಲ್ಲ ಎಂಬಂತೆ. ಆ ಏಟು ನನಗೆ ಸಲ್ಲಬೇಕಾದದ್ದೇ.

ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ನಾವು ವಾಪಸ್ ತಗೊಂಡ್ರ ಈ ಪೋರಿ ಫೇಲ್ ಆಗ್ತಾಳೇನು?"

ಎಲ್ಲರ ಕಣ್ಣೂ ಕಂಬದ ಕಡೆ ಹೋದವು. ಹುಡುಗಿ ನೆಲ ನೋಡುತ್ತ ಹೇಳಿದಳು. "ಫೇಲ್ ಆಗಲ್ಲ. ನಲವತ್ತು ಫಾರ್ಮ್ ಕಮ್ಮಿ ಆಗುತ್ತೆ. ಇನ್ನೊಂದು ಓಣಿ ಹುಡುಕಿ ಮೊದಲಿಂದ ಮಾಡಬೇಕು. ಒಂದು ವರ್ಷ ತಡ ಆಗುತ್ತೆ."

ಅವಳ ಮನೆಯಲ್ಲಿ ಇಷ್ಟು ದೂರ ಓದಿದವರು ಅವಳೊಬ್ಬಳೇ ಎಂಬುದು ಓಣಿಗೆಲ್ಲ ಗೊತ್ತಿತ್ತು. ಚಹಾ ಕುಡಿಯುತ್ತ ಕುಡಿಯುತ್ತ ನಲವತ್ತು ಮನೆಯವರೂ ಅವಳನ್ನು ಕೇಳಿ ತಿಳಿದುಕೊಂಡಿದ್ದರು. ಅವಳ ಒಂದು ವರ್ಷ ನನ್ನ ಕೈಯಲ್ಲಿತ್ತು. ನನಗೆ ಅವಳ ಮೇಲೆ ಮಮತೆ ಇತ್ತು, ಈಗಲೂ ಇದೆ. ಆದರೂ ಆ ಕ್ಷಣ ನಾನು ಮೆತ್ತಗಾಗಲಿಲ್ಲ. ಮೆತ್ತಗಿರುವುದೇ ನನ್ನ ಸ್ವಭಾವ ಎಂದು ತೌರಿನವರು, ಗಂಡನ ಮನೆಯವರು ಎಲ್ಲ ಹೇಳುತ್ತಾರೆ. ಅದೇ ಮೆತ್ತನೆಯ ದನಿಯಲ್ಲಿ "ನನ್ನ ಫಾರ್ಮ್ ನಾ ವಾಪಸ್ ತಗೋತೀನವ್ವ" ಎಂದು ಹೇಳಿ, ಒಂದು ಹಾಳೆಯ ಮೇಲೆ ಹಾಗೆಂದು ಬರೆದು ಸಹಿ ಮಾಡಿ ಅವಳ ಮಡಿಲಲ್ಲಿ ಇಟ್ಟೆ.

ಹುಡುಗಿ ಅದನ್ನು ಓದಿ, ನನಗಷ್ಟೇ ಕೇಳುವ ಹಾಗೆ ಬಾಗಿ ಕೇಳಿದಳು. "ನಾನು ರೊಟ್ಟಿ ಎಣಿಸೋಕೆ ಹೊರಡಬಾರದಾಗಿತ್ತು ಅಂತಾನಾ ಆಂಟಿ?"

"ನೀ ನೋಡಿದ್ದು ತಪ್ಪಲ್ಲ. ಬರಕೊಳ್ಳೂದು ಬ್ಯಾಡ, ಅಷ್ಟೇ."

ಹೊಲಿಗೆಯಾಕೆ ಎದ್ದು ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬರೆಯಲು ಬಾರದವರ ಹಾಳೆಯನ್ನು ಹುಡುಗಿಯೇ ಬರೆದುಕೊಟ್ಟಳು, ತನ್ನ ಕೈಯಿಂದಲೇ. ಸಾವಿನ ಮನೆಗಳಲ್ಲಿ ಬುಟ್ಟಿಯ ಹತ್ತಿರ ಕೂಡುವ ಮುದುಕಿ ಮಾತ್ರ ಕೊನೆಯವರೆಗೂ ಏಳಲಿಲ್ಲ.

"ನಂದು ಇರ್ಲಿ ಬಿಡ್ರಿ. ನಾ ಖರೇನ ಹೇಳೀನಿ. ನಾ ಯಾರಿಗೂ ಏನೂ ಕೊಟ್ಟಿಲ್ಲ."

ನಾವೆಲ್ಲ ನೆಲ ನೋಡಿದೆವು. ಕೊನೆಗೆ ಅವಳೇ ಮೊಣಕಾಲು ಹಿಡಿದುಕೊಂಡು ಎದ್ದಳು. "ಎಲ್ಲಾರೂ ಹೊಂಟ ಮ್ಯಾಲ ನಾ ಒಬ್ಬಾಕಿ ಆ ಕಾಗದದಾಗ ಕುಂತು ಏನ್ ಮಾಡ್ಲಿ," ಎಂದು ಹೆಬ್ಬೆಟ್ಟು ಒತ್ತಿದಳು.

ಸೇಡಂಗೆ ಹೋಗುವ ದಿನ ನನ್ನ ಗಂಡ, ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು, "ಫಾರ್ಮ್ ವಾಪಸ್ ತಗೊಂಡಾತಲ್ಲ, ಮತ್ಯಾಕ ಹೊಂಟಿ?" ಎಂದು ಕೇಳಿದರು. "ನೋಡಿ ಬರ್ತೀನಿ," ಎಂದೆ. ಹೊಲಿಗೆಯಾಕೆ ಮಷೀನಿಗೆ ಬಟ್ಟೆ ಹೊದಿಸಿ ಜೊತೆಗೆ ಬಂದಳು. ವಾಡಿಯಲ್ಲಿ ಗಾಡಿ ಬದಲಿಸಿದೆವು. ಚಿತ್ತಾಪುರದಲ್ಲಿ ಕೋರ್ಟಿಗೆ ಹೋಗುವವರು ಇಳಿದು ಗಾಡಿ ಖಾಲಿಯಾಯಿತು. ಮಳಖೇಡ ದಾಟುವಾಗ ಹಳಿಯ ಪಕ್ಕದ ಬೇವಿನ ಎಲೆಗಳ ಮೇಲೆ ಬೂದುಬಣ್ಣದ ಧೂಳು ಕುಳಿತಿತ್ತು. ಅವಳು ಒಂದು ಪೊಟ್ಟಣ ಸೇಂಗಾ ಬಿಡಿಸುತ್ತ, "ಅಲ್ಲಿ ಇಂಗ್ಲಿಷ್‌ನ್ಯಾಗ ಬೈದ್ರ ನನಗ ತಿಳಿಸಬ್ಯಾಡ್ರಿ. ಕನ್ನಡದಾಗ ಬೈದ್ರ ನಾ ನೋಡ್ಕೋತೀನಿ," ಎಂದಳು.

ಕಾಲೇಜಿನ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ ಕುಳಿತೆವು. ಪರದೆಯ ಮೇಲೆ ನಾಲ್ಕು ಕಂಬಗಳು ಬಂದವು. ಶಹಾಬಾದದ ಜಾಗ ಖಾಲಿ. ಅದರ ಕೆಳಗೆ ಕನ್ನಡದಲ್ಲಿಯೇ ಬರೆದಿತ್ತು: ಪ್ರತಿಕ್ರಿಯೆ ದೊರೆತಿಲ್ಲ. ಪ್ರೊಫೆಸರರು ಆ ಖಾಲಿ ಜಾಗದ ಮೇಲೆ ಕೆಂಪು ಬೆಳಕಿನ ಚುಕ್ಕೆ ಆಡಿಸುತ್ತ, ಇಂಥ ಕಡೆಗಳಲ್ಲಿ ಜನರಿಗೆ ಸಂಶೋಧನೆಯ ಮಹತ್ವ ತಿಳಿದಿರುವುದಿಲ್ಲ, ಸಹಕಾರ ಸಿಗುವುದು ಕಷ್ಟ ಎಂದು ವಿವರಿಸಿ ಮುಂದಿನ ಚಿತ್ರಕ್ಕೆ ಹೊರಟರು.

ನಾನು ಎದ್ದು ನಿಂತೆ. ಕಾನ್ವೆಂಟಿನಲ್ಲಿ ನಿಲ್ಲುತ್ತಿದ್ದ ಹಾಗೆ ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತಿದ್ದೆ ಎಂದು ಆಮೇಲೆ ಹೊಲಿಗೆಯಾಕೆ ಹೇಳಿದಳು. ನನಗೆ ನೆನಪಿಲ್ಲ.

"ಸರ್, ಅದು ತಪ್ಪು ಅದ. ಈ ಹುಡುಗಿಗಿ ನಮ್ಮ ಓಣಿಯ ನಲವತ್ತು ಮಂದಿನೂ ಉತ್ತರ ಕೊಟ್ಟೀವಿ. ಚಾ ಕೊಟ್ಟು, ಕುಂದ್ರಿಸಿ ಉತ್ತರ ಕೊಟ್ಟೀವಿ. ಆಮ್ಯಾಲ ನಿಮ್ಮ ಕಾಗದದಾಗಿನ ಮಾತಿನ ಪ್ರಕಾರ ವಾಪಸ್ ತಗೊಂಡೀವಿ. ಸಹಕಾರ ಕೊಟ್ಟಿಲ್ಲಂತ ಹೇಳಬ್ಯಾಡ್ರಿ. ವಾಪಸ್ ತಗೊಂಡಾರಂತ ಹೇಳ್ರಿ."

"ಕಾರಣ ಹೇಳಿದ್ದರೆ..." ಎಂದು ಅವರು ಶುರು ಮಾಡಿದರು.

"ಕಾರಣ ಕೇಳಂಗಿಲ್ಲಂತ ನೀವೇ ಬರದೀರಿ, ಸರ್."

ಮುಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ತಲೆಗಳು ತಿರುಗಿದವು. ನಾನು ಕುಳಿತುಕೊಳ್ಳಲಿಲ್ಲ. ಪ್ರೊಫೆಸರರು ಕೈಯಲ್ಲಿದ್ದ ಬೆಳಕಿನ ಕಡ್ಡಿಯನ್ನು ಆರಿಸಿದರು. ವೇದಿಕೆಯ ಬದಿಯಲ್ಲಿ ಕಂಪ್ಯೂಟರಿನ ಮುಂದೆ ಇದ್ದ ಹುಡುಗಿ ಅವರ ಕಡೆ ಒಮ್ಮೆಯೂ ನೋಡದೆ ಬಾಗಿ ಕೀಲಿಗಳನ್ನು ಒತ್ತತೊಡಗಿದಳು. ಎಲ್ಲರ ಎದುರಿಗೇ ಪರದೆಯ ಮೇಲಿನ ಆ ಎರಡು ಪದಗಳು ಒಂದೊಂದೇ ಅಕ್ಷರ ಅಳಿಸಿಹೋದವು. ಅವುಗಳ ಜಾಗದಲ್ಲಿ ಅವಳು ಬರೆದಳು: ನಲವತ್ತು ಮಹಿಳೆಯರು ತಮ್ಮ ಉತ್ತರಗಳನ್ನು ಹಿಂದಕ್ಕೆ ಪಡೆದಿದ್ದಾರೆ.

ನಾನು ಕುಳಿತೆ.